ಜೋರ್ಡನ್ ನದಿ ಎಂದರೆ ಇಷ್ಟೇ ಏನು?

ಪವಿತ್ರ ನಾಡಿನ ಯಾತ್ರೆಗೆ ಹೆಸರು ಬರೆಸಿದ ದಿನವೇ ನಮ್ಮ ಮನಸ್ಸು ಅಲ್ಲಿಗೆ ಹೋಗಿ ಇಳಿದುಬಿಡುತ್ತದೆ. ಪಾಸ್‌ಪೋರ್ಟ್ ಕೈಸೇರುವ ಮುನ್ನವೇ ನಾವು ಜೋರ್ಡನ್ ನದಿಯ ದಡದಲ್ಲಿ ನಿಂತಿರುತ್ತೇವೆ. ಕ್ಯಾಲೆಂಡರಿನ ಚಿತ್ರದಲ್ಲಿ ಆ ನದಿ ಎಷ್ಟು ವಿಶಾಲ! ನೀಲಿ ನೀರು, ಹಸಿರು ದಡ, ಮೇಲೆ ಬಿಳಿಯ ಪಾರಿವಾಳ. ಯೇಸುಸ್ವಾಮಿ ದೀಕ್ಷಾಸ್ನಾನ ಪಡೆದ ನದಿಯು ನಮ್ಮ ಕಾವೇರಿಗಿಂತ ಕಿರಿದಾಗಿರುವುದುಂಟೇ?

ಜೆರಿಕೋ ಪಟ್ಟಣದ ಸಮೀಪ, ಪರಂಪರೆಯು ಗುರುತಿಸಿರುವ ಆ ಸ್ಥಳದಲ್ಲಿ ಬಸ್ಸಿನಿಂದಿಳಿದರೆ, ಎದುರಿಗೆ ಕೆಲವೇ ಮೀಟರ್ ಅಗಲದ ಕಂದು ನೀರು. ಆಚೆ ದಡದವರು ಕೆಮ್ಮಿದರೆ ಈಚೆಗೆ ಕೇಳಿಸುತ್ತದೆ. ಆದರೆ ಅವರು ನಿಂತಿರುವುದು ಬೇರೊಂದು ದೇಶದಲ್ಲಿ! 'ನಮ್ಮೂರ ನಾಲೆಯೇ ಇದಕ್ಕಿಂತ ಅಗಲ' ಎಂದು ಮಂಡ್ಯದ ಕಡೆಯ ಯಾತ್ರಿಕರು ಉದ್ಗರಿಸದಿದ್ದರೆ ಅದೇ ಸೋಜಿಗ. ಪಾಪ, ನದಿಯನ್ನು ಹಳಿದು ಫಲವಿಲ್ಲ. 1964ರಲ್ಲಿ ಇಸ್ರೇಲ್ ಗಲಿಲೇಯ ಸರೋವರದ ನೀರನ್ನು ದೂರದ ಹೊಲಗಳಿಗೂ ನಗರಗಳಿಗೂ ಹರಿಸತೊಡಗಿತು. ಸಿರಿಯಾ ಮತ್ತು ಜೋರ್ಡನ್ ದೇಶಗಳು ಉಪನದಿಗಳಿಗೆ ಅಣೆಕಟ್ಟು ಕಟ್ಟಿದವು. ಉಳಿದದ್ದು ಇಷ್ಟು.

ಜೆರುಸಲೇಮಿನ ಶಿಲುಬೆಯ ಹಾದಿಯೂ ಹೀಗೆಯೇ. 14 ಸ್ಥಳಗಳಲ್ಲಿ ಮೊದಲ 9 ಹಳೆಯ ನಗರದ ಇಕ್ಕಟ್ಟಾದ ಬೀದಿಗಳಲ್ಲಿವೆ. ಮೌನವನ್ನು ಬಯಸಿ ಹೋದವರಿಗೆ ಎದುರಾಗುವುದು ಮಸಾಲೆಯ ಘಮಲು, ಬಟ್ಟೆಯಂಗಡಿಗಳ ಸಾಲು, ವ್ಯಾಪಾರಿಗಳ ಕೂಗು. ನಾವು ಮೊಣಕಾಲೂರುವಷ್ಟರಲ್ಲಿ ಸರಕಿನ ಕೈಗಾಡಿಯವನು ದಾರಿ ಬಿಡಿ ಎನ್ನುತ್ತಾನೆ. ಆದರೆ ಪಾಸ್ಕ ಹಬ್ಬದ ಜನಜಂಗುಳಿಯಲ್ಲಿ ಪ್ರಭು ಶಿಲುಬೆ ಹೊತ್ತು ನಡೆದ ದಿನ ಮಾತ್ರ ಊರು ಮೌನವಾಗಿತ್ತೇ?

ಈ ನಿರಾಶೆ ಹೊಸದೇನೂ ಅಲ್ಲ. ಹಳೆಯ ಒಡಂಬಡಿಕೆಯ ನಾಮಾನನನ್ನು ನೆನೆಯೋಣ. ಕುಷ್ಠದಿಂದ ಬಳಲುತ್ತಿದ್ದ ಆ ಸೇನಾಪತಿ, ಪ್ರವಾದಿ ಎಲೀಷನು ಸ್ವತಃ ಹೊರಬಂದು ಕೈಯಾಡಿಸಿ ಗುಣಪಡಿಸುವನೆಂದು ಎಣಿಸಿದ್ದನು. ಪ್ರವಾದಿಯು ಬಾಗಿಲಿಗೂ ಬರಲಿಲ್ಲ. ಜೋರ್ಡನಿನಲ್ಲಿ 7 ಸಲ ಮುಳುಗಲು ಆಳಿನ ಮೂಲಕ ಹೇಳಿ ಕಳುಹಿಸಿದನು. ದಮಸ್ಕದ ನದಿಗಳೇ ಇದಕ್ಕಿಂತ ಮೇಲೆಂದು ಸಿಡುಕಿ ಹೊರಟವನನ್ನು ತಡೆದವರು ಅವನ ಸೇವಕರು. ಅವರ ಮಾತಿಗೆ ಮಣಿದು ಮುಳುಗಿದನು, ಶುದ್ಧನಾದನು.

ಬೆತ್ಲೆಹೇಮಿನ ಜನನ ದೇವಾಲಯದ ಬಾಗಿಲಿನ ಎತ್ತರ ಸುಮಾರು 4 ಅಡಿ. ಎಂಥವರೂ ತಲೆಬಾಗಿಯೇ ಒಳಹೋಗಬೇಕು. ಆದುದರಿಂದ ಯಾತ್ರೆಗೆ ಹೊರಡುವವರು ಕ್ಯಾಲೆಂಡರನ್ನು ಗೋಡೆಯಲ್ಲಿಯೇ ಬಿಟ್ಟು ಹೊರಡುವುದು ಲೇಸು. ಹಣವಿಲ್ಲದೆ, ವಯಸ್ಸಾಗಿ ಹೋಗಲಾರದ ನಮ್ಮ ಹಿರಿಯರೂ ಮರುಗಬೇಕಾಗಿಲ್ಲ. ಕಿರಿದಾದ ನದಿಯನ್ನು ಆರಿಸಿಕೊಂಡ ದೇವರಿಗೆ ನಮ್ಮೂರ ಹಂಚಿನ ದೇವಾಲಯವೂ ಸಣ್ಣದೆನಿಸದು.