ಗಾಡಿ ಒಳಗೆ ಬರಲಿ

ನಮ್ಮ ಅಡ್ಡರಸ್ತೆಯ ಅಗಲ 15 ಅಡಿ. ಗಾರೆ ಮೇಸ್ತ್ರಿಯೊಬ್ಬರ ಟೇಪು ಕೇಳಿ ತಂದು ನಾನೇ ಅಳೆದೆ. ಇನ್ನೊಂದು ತುದಿಯನ್ನು ಎದುರು ಮನೆಯ ಹುಡುಗಿ ಒತ್ತಿ ಹಿಡಿದಿದ್ದಳು. ಬಡಾವಣೆಯ ನಕ್ಷೆಯಲ್ಲಿ ಇದು 20 ಅಡಿ ರಸ್ತೆ. ಚರಂಡಿಯ ಚಪ್ಪಡಿಗಳನ್ನೂ ಗೇಟಿನ ಮುಂದೆ ಎಲ್ಲರೂ ಕಟ್ಟಿಸಿಕೊಂಡಿರುವ ಇಳಿಜಾರುಗಳನ್ನೂ ಕಳೆದರೆ ಓಡಾಟಕ್ಕೆ ಉಳಿದದ್ದು ಇಷ್ಟೇ. ಸಾಧಾರಣ ಕಾರೊಂದು ಐದೂವರೆ ಅಡಿ ಅಗಲ ಇರುತ್ತದೆ. ಎರಡು ಬದಿಗೂ ಕಾರು ನಿಂತರೆ ನಡುವೆ 4 ಅಡಿ ಜಾಗ. ಕಸದ ಆಟೋ ಟಿಪ್ಪರ್‌ಗೆ ಏನಿಲ್ಲವೆಂದರೂ 5 ಅಡಿ ಬೇಕು. ಈ ಒಂದು ಅಡಿ ಇಲ್ಲದ್ದಕ್ಕೆ ಹನುಮಂತನಗರದ ನಮ್ಮ ರಸ್ತೆಯ ತುದಿಯಲ್ಲಿ, ಟ್ರಾನ್ಸ್‌ಫಾರ್ಮರ್ ಬುಡದಲ್ಲಿ, ನಾಲ್ಕು ವರ್ಷ ಕಸದ ಗುಡ್ಡೆ ಬಿದ್ದಿತ್ತು.

ಇದು ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಮೊದಲು ನಾನೂ ಎಲ್ಲರಂತೆ, ಮೂಲೆಯಲ್ಲಿ ಕಸ ಹಾಕುವವರು ಯಾರೋ ಹೊರಗಿನವರು ಎಂದುಕೊಂಡಿದ್ದೆ. ಒಂದು ವಾರ ಬೆಳಗ್ಗೆ ಐದೂವರೆಯಿಂದ ಮಹಡಿಯ ಮೇಲೆ ಕೂತು ನೋಡಿದೆ. ಗಾಡಿ ಬರುತ್ತದೆ, ಒಳಗೆ ತಿರುಗಲಾಗದೆ ತುದಿಯಲ್ಲೇ ನಿಲ್ಲುತ್ತದೆ, ಹಾಡು ಹಾಕುತ್ತದೆ. ತುದಿಯ ನಾಲ್ಕು ಮನೆಯವರು ಬಕೆಟ್ ತರುತ್ತಾರೆ. ಕೊನೆಯ ಮನೆಯ ಅಜ್ಜಿಗೆ ಹಾಡು ಕೇಳಿಸಿ, ಚಪ್ಪಲಿ ಮೆಟ್ಟಿಕೊಂಡು, ಮುನ್ನೂರು ಅಡಿ ನಡೆದು ಬರುವಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಕೈಯಲ್ಲಿ ಹಿಡಿದು ತಂದ ಕವರನ್ನು ಮತ್ತೆ ಅಡುಗೆಮನೆಗೆ ಒಯ್ಯಲು ಮನಸ್ಸಾಗದೆ ಅವರು ಕಂಬದ ಬುಡದಲ್ಲಿ ಇಟ್ಟು ಹೋಗುತ್ತಾರೆ. ಅದನ್ನು ಕಂಡು, ಎಂಟೂವರೆಗೆ ಆಫೀಸಿಗೆ ಹೊರಟ ಹುಡುಗ ಸ್ಕೂಟರಿನಿಂದಲೇ ಇನ್ನೊಂದನ್ನು ಎಸೆಯುತ್ತಾನೆ. ಮಧ್ಯಾಹ್ನದೊಳಗೆ ನಾಯಿಗಳು ಎರಡನ್ನೂ ಹರಿದಿರುತ್ತವೆ. ಪಾಲಿಕೆಯವರು ‘ಬ್ಲ್ಯಾಕ್ ಸ್ಪಾಟ್’ ಎನ್ನುವ ಜಾಗ ಹೀಗೆ ಹುಟ್ಟುತ್ತದೆ.

ನಾನು 31 ವರ್ಷ ರೈಲ್ವೆ ಮೇಲ್ ಸರ್ವಿಸಿನಲ್ಲಿ ಕಾಗದ ವಿಂಗಡಿಸಿದವಳು. ರಾತ್ರಿ ಪಾಳಿ, ಎದುರಿಗೆ ಗೋಡೆಯಷ್ಟೆತ್ತರ ಗೂಡುಗಳು, ಕೈಯಲ್ಲಿ ಲಕೋಟೆಗಳ ಕಟ್ಟು. 560004 ಬಸವನಗುಡಿ, 560018 ಚಾಮರಾಜಪೇಟೆ. ಒಂದರ ಕಾಗದ ಇನ್ನೊಂದರ ಗೂಡಿಗೆ ಬಿದ್ದರೆ ಅದು ಊರೆಲ್ಲ ಸುತ್ತಿ ಮರುದಿನ ನಮ್ಮ ಮೇಜಿಗೇ ಬರುತ್ತಿತ್ತು. ತಪ್ಪಿದ ಕೈ ಒಂದು, ತಿದ್ದುವ ಕೈ ಇನ್ನೊಂದು. ಕಸದಲ್ಲೂ ಅದೇ ನಡೆಯುತ್ತದೆ. ಆದರೆ ತಪ್ಪು ಗೂಡಿಗೆ ಬಿದ್ದ ಕಾಗದ ಯಾರ ಕೈಯನ್ನೂ ಕೊಯ್ಯುವುದಿಲ್ಲ.

ಒಂದು ಚಳಿಗಾಲದ ಬೆಳಗ್ಗೆ ನಮ್ಮ ಮನೆಯ ಕವರನ್ನು ಬಿಡಿಸಿದ ಪೌರಕಾರ್ಮಿಕ ಹೆಂಗಸಿನ ಅಂಗೈ ಸೀಳಿತು. ಹಿಂದಿನ ರಾತ್ರಿ ಒಡೆದ ಗಾಜಿನ ಲೋಟವನ್ನು ನಾನೇ ಅದರಲ್ಲಿ ಹಾಕಿದ್ದೆ. ಅರಿಶಿನ ತರಲು ಒಳಗೋಡಿದೆ. ಬರುವಷ್ಟರಲ್ಲಿ ಅವರು ಬಟ್ಟೆ ಸುತ್ತಿಕೊಂಡು ಮುಂದಿನ ಮನೆಯ ಬಕೆಟ್ ಎತ್ತುತ್ತಿದ್ದರು. “ಬಿಡೀಮ್ಮ, ದಿನಾ ಇರೋದೇ” ಎಂದರು. ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ. ಅಂದಿನಿಂದ ಒಡೆದ ಗಾಜನ್ನು ನಾಲ್ಕು ಪದರ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ‘ಗಾಜು’ ಎಂದು ದಪ್ಪಕ್ಷರದಲ್ಲಿ ಬರೆದು ಕೈಗೇ ಕೊಡುತ್ತೇನೆ.

ಕಸ ಬೇರ್ಪಡಿಸುವ ನಿಯಮವೇನೋ ಮೊದಲೇ ಇತ್ತು. 1996ರಲ್ಲಿ ಅಲ್ಮಿತ್ರಾ ಪಟೇಲ್ ಅವರು ಕಸದ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, ನಗರದ ಕಸಕ್ಕೆಂದೇ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳು 2000ದಲ್ಲಿ ಬಂದವು. 2016ರ ಏಪ್ರಿಲ್‌ನಲ್ಲಿ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇನ್ನೂ ಬಿಡಿಸಿ ಹೇಳಿದವು: ಮನೆಯಲ್ಲೇ ಮೂರು ಭಾಗ ಮಾಡಬೇಕಿತ್ತು. ಕೊಳೆಯುವ ಹಸಿ ಕಸ ಒಂದು, ಒಣ ಕಸ ಒಂದು. ಟ್ಯೂಬ್‌ಲೈಟು, ಬ್ಯಾಟರಿ, ಅವಧಿ ಮೀರಿದ ಮಾತ್ರೆ, ಬಣ್ಣದ ಡಬ್ಬಿಯಂಥ ಅಪಾಯದ ಕಸ ಮೂರನೆಯದು. ಪ್ಯಾಡು, ಡೈಪರುಗಳನ್ನು ಪೇಪರಿನಲ್ಲಿ ಸುತ್ತಿ ಕೊಡಬೇಕಿತ್ತು. ಬೆಂಗಳೂರಿಗೆ ಇದಕ್ಕೂ ಮೊದಲೇ, 2015ರ ಡಿಸೆಂಬರಿನಲ್ಲಿ, ಹೈಕೋರ್ಟ್ ‘ಎರಡು ಬಕೆಟ್, ಒಂದು ಚೀಲ’ ಎಂಬ ಕ್ರಮ ಹಾಕಿಕೊಟ್ಟಿತ್ತು. ಹಸಿಗೆ ಹಸಿರು ಬಕೆಟ್, ಪ್ಯಾಡು–ಡೈಪರು–ಬ್ಯಾಂಡೇಜಿಗೆ ಕೆಂಪು, ಒಣ ಕಸಕ್ಕೆ ಚೀಲ. ಬಕೆಟ್ಟಿಗೆ ಪ್ಲಾಸ್ಟಿಕ್ ಕವರು ಹಾಕುವಂತಿಲ್ಲ.

ಹೆಚ್ಚಿನ ಮನೆಗಳು ಮುಗ್ಗರಿಸುವುದು ಈ ಕೊನೆಯ ಮಾತಿನಲ್ಲಿ. ಕವರಿನಲ್ಲಿ ಗಂಟು ಹಾಕಿಟ್ಟ ಹಸಿ ಕಸವನ್ನು ಯಾರಾದರೂ ಬಿಚ್ಚಲೇಬೇಕು. ಬಿಚ್ಚದಿದ್ದರೆ ಅದು ಗೊಬ್ಬರವಾಗುವ ಬದಲು ಕವರಿನೊಳಗೇ ನಾರುತ್ತದೆ. ಬಕೆಟ್ ಗಲೀಜಾಗುತ್ತದೆ ಎಂದು ಅಂಜುವವರಿಗೆ ನಾನು ಹೇಳುವುದು ಇಷ್ಟು: ತಳಕ್ಕೆ ಒಂದು ಹಳೇ ಪೇಪರ್ ಹಾಸಿ, ಸಾರಿನ ನೀರು, ಕಾಫಿ ಚರಟದ ನೀರು ಬಸಿದು ಹಾಕಿ. ಅವರೆಕಾಯಿ ಕಾಲದಲ್ಲಂತೂ ನಮ್ಮ ಕಡೆ ಒಂದೊಂದು ಮನೆಯಲ್ಲೂ ದಿನಕ್ಕೆರಡು ಬಕೆಟ್ ಸಿಪ್ಪೆ. ಅದರಷ್ಟು ಒಳ್ಳೆಯ ಹಸಿ ಕಸ ಇನ್ನೊಂದಿಲ್ಲ. ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿದರೆ ಮಾತ್ರ ಅದು ಒಣ ಕಸ. ಜಿಡ್ಡು ಹಿಡಿದ ಪಾರ್ಸೆಲ್ ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿದರೆ ಅದರೊಂದಿಗಿದ್ದ ಒಳ್ಳೆಯ ಪೇಪರೂ ಹಾಳು. ತೆಂಗಿನ ಚಿಪ್ಪು ಬೇಗ ಕೊಳೆಯುವುದಿಲ್ಲ, ಬೇರೆಯೇ ಇಡುತ್ತೇವೆ. ನಮ್ಮ ರಸ್ತೆಯಲ್ಲಿ ಒಣ ಕಸ ಬುಧವಾರ ಮತ್ತು ಶನಿವಾರ ಮಾತ್ರ. ಅದು ಕೊಳೆಯುವ ವಸ್ತುವಲ್ಲವಾದ್ದರಿಂದ ಮೂರು ದಿನ ಮನೆಯಲ್ಲಿ ಇದ್ದರೂ ನಷ್ಟವಿಲ್ಲ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಮಾವಳ್ಳಿಪುರ, ಮಂಡೂರುಗಳ ಹೆಸರು ನೆನಪಿರಬೇಕು. ಯಲಹಂಕದ ಆಚೆಯ ಮಾವಳ್ಳಿಪುರದಲ್ಲಿ ನಮ್ಮ ಕಸ ಬೆಟ್ಟವಾಗಿ, ಅದರ ರಸ ಇಳಿದು ನೀರು ಕೆಟ್ಟು, ಹಳ್ಳಿಯವರು ತಿರುಗಿಬಿದ್ದರು. 2012ರಲ್ಲಿ ಅಲ್ಲಿ ಸುರಿಯುವುದು ನಿಂತಾಗ ಬೆಂಗಳೂರಿನ ಬೀದಿ ಬೀದಿಯಲ್ಲೂ ಗುಡ್ಡೆ ಬಿತ್ತು. ಆ ವರ್ಷ ಗಾಂಧಿ ಬಜಾರಿನಲ್ಲಿ ಮೂಗಿಗೆ ಸೆರಗು ಹಿಡಿದು ಹೂವು ಕೊಂಡದ್ದು ನನಗೆ ಇನ್ನೂ ನೆನಪಿದೆ. ಅಕ್ಟೋಬರ್ 1ರಿಂದ ವಿಂಗಡಣೆ ಕಡ್ಡಾಯವೆಂದು ಪಾಲಿಕೆ ಸಾರಿದ್ದು ಆ ಸಂಕಟದ ನಡುವೆ. ಆಮೇಲೆ ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. ಆ ಊರಿನವರು ಲಾರಿಗಳನ್ನು ತಡೆದು ಕೂತರು, 2014ರ ಕೊನೆಗೆ ಅಲ್ಲಿಗೂ ಬಾಗಿಲು ಮುಚ್ಚಿತು. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಕ್ವಾರಿಗಳ ಸರದಿ ಅದರ ನಂತರದ್ದು. ಬೇರೆ ಮಾಡಿದ ಹಸಿ ಕಸ ಗೊಬ್ಬರವಾಗುತ್ತದೆ. ಕೂಡ್ಲಿನ ಕಾಂಪೋಸ್ಟ್ ನಿಗಮ 1975ರಲ್ಲಿ ಹುಟ್ಟಿದ್ದು ಆ ಕೆಲಸಕ್ಕೇ. ಒಣ ಕಸ ವಾರ್ಡಿನ ಸಂಗ್ರಹ ಕೇಂದ್ರಕ್ಕೆ ಹೋಗಿ, ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರಿಗೆ ಸಂಪಾದನೆಯಾಗುತ್ತದೆ. ಬೆರಕೆಯಾದದ್ದು ಮಾತ್ರ ಯಾವುದೋ ಊರಿನ ಬಾವಿಯ ಪಕ್ಕಕ್ಕೆ ಹೋಗಿ ಬೀಳುತ್ತದೆ.

ನಿಯಮಗಳಲ್ಲಿ ಇನ್ನೂ ಕೆಲವು ವಿಷಯಗಳಿವೆ, ಕೇಳಿದವರು ಅಚ್ಚರಿಪಡುತ್ತಾರೆ. ಗುಡಿಸಿದ ಎಲೆಗೆ ಬೆಂಕಿ ಹಚ್ಚುವಂತಿಲ್ಲ. ಖಾಲಿ ಸೈಟಿಗೆ, ಚರಂಡಿಗೆ ಹಾಕುವಂತಿಲ್ಲ. 2016ರ ನಿಯಮದ ಪ್ರಕಾರ, ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕೂ ಹೆಚ್ಚು ಜನ ಸೇರಿಸುವವರು ಕನಿಷ್ಠ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸ ಬೇರ್ಪಡಿಸುವ ಏರ್ಪಾಡು ಮಾಡಬೇಕಿತ್ತು. ಬೀದಿಗೆ ಶಾಮಿಯಾನ ಹಾಕಿ ನಾಮಕರಣ ಮಾಡುವ ನಮ್ಮಂಥವರಿಗೂ ಇದು ಅನ್ವಯಿಸುತ್ತಿತ್ತು. 2025ರ ಏಪ್ರಿಲ್‌ನಿಂದ ಬೆಂಗಳೂರಿನ ಮನೆಗಳಿಗೆ ಆಸ್ತಿ ತೆರಿಗೆಯೊಂದಿಗೆ ಕಸದ ಶುಲ್ಕವೂ ಬಂತು, ಕಟ್ಟಡದ ಅಳತೆಗೆ ತಕ್ಕಂತೆ ತಿಂಗಳಿಗೆ 10 ರೂಪಾಯಿಯಿಂದ 400ರವರೆಗೆ. ದುಡ್ಡು ಕಟ್ಟಿದವರು ಗಾಡಿ ಮನೆ ಬಾಗಿಲಿಗೆ ಬರಲಿ ಎಂದು ಕೇಳುವುದು ನ್ಯಾಯವೇ. ಅದು ಬರಲು ದಾರಿ ಬಿಡುವ ಹೊಣೆ ಮಾತ್ರ ನಮ್ಮದು.

ಕಾರು ನಿಲ್ಲಿಸುವ ವಿಷಯದಲ್ಲಿ ಎಲ್ಲರ ತಲೆಯಲ್ಲೂ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ: ನಮ್ಮ ಮನೆ ಮುಂದಿನ ರಸ್ತೆ ನಮ್ಮದು. ಕ್ರಯಪತ್ರದಲ್ಲಿ ಕಾಂಪೌಂಡಿನ ಆಚೆಗೆ ಒಂದಂಗುಲವೂ ಬರೆದಿರುವುದಿಲ್ಲ. ಅಲ್ಲಿ ಹೂಕುಂಡ, ಕಲ್ಲು, ಮರಳು ತುಂಬಿದ ಬಕೆಟ್ ಇಟ್ಟು ಜಾಗ ಹಿಡಿಯುವುದು, ‘ನೋ ಪಾರ್ಕಿಂಗ್’ ಹಲಗೆ ತಗುಲಿಹಾಕುವುದು ಮನೆಯವರ ಅಧಿಕಾರಕ್ಕೆ ಸೇರಿದ್ದಲ್ಲ. ವಾಹನ ಎಲ್ಲಿ ನಿಲ್ಲಬಹುದು ಎಂದು ಗೊತ್ತುಮಾಡುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂ ಸರ್ಕಾರಕ್ಕೂ ಅದು ಒಪ್ಪಿಸಿದ ಅಧಿಕಾರಿಗೂ ಕೊಟ್ಟಿದೆ. ಫುಟ್‌ಪಾತಿನ ಮೇಲೆ, ಇನ್ನೊಬ್ಬರ ಗೇಟಿಗೆ ಅಡ್ಡವಾಗಿ, ನಿಂತ ವಾಹನದ ಮಗ್ಗುಲಿಗೇ ಇನ್ನೊಂದನ್ನು ನಿಲ್ಲಿಸಬಾರದೆಂಬುದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ಬೆಂಗಳೂರಿಗೆ 2021ರಲ್ಲಿ ಸರ್ಕಾರ ಒಪ್ಪಿದ ಪಾರ್ಕಿಂಗ್ ನೀತಿ 2.0ರಲ್ಲಿ, ವಸತಿ ರಸ್ತೆಯಲ್ಲಿ ಕಾರು ನಿಲ್ಲಿಸಲು ವರ್ಷಕ್ಕಿಷ್ಟು ಶುಲ್ಕ ಕಟ್ಟಿ ಪರವಾನಗಿ ಪಡೆಯುವ ಯೋಜನೆಯೂ ಇದೆ. ನನಗೆ ಅದು ಸರಿಯಾದ ದಾರಿಯೆಂದೇ ತೋರುತ್ತದೆ. ಕಾರಿಲ್ಲದವರಿಗೂ ಸೇರಿದ ನೆಲವನ್ನು ಹಗಲೂ ರಾತ್ರಿ ಬಿಟ್ಟಿಯಾಗಿ ಬಳಸುವುದು ಸರಿಯಲ್ಲ.

ಬೇರು ಇನ್ನೂ ಒಳಗಿದೆ. 30–40 ಸೈಟಿನಲ್ಲಿ ಮನೆ ಕಟ್ಟುವಾಗ ಪ್ಲಾನಿನಲ್ಲಿ ಕಾರಿನ ಜಾಗ ತೋರಿಸುತ್ತೇವೆ, ಆಮೇಲೆ ಅಲ್ಲೇ ಗೋಡೆ ಎಬ್ಬಿಸಿ ಬಾಡಿಗೆಗೆ ಕೊಡುತ್ತೇವೆ. ಬಾಡಿಗೆಯ ದುಡ್ಡು ಮನೆಗೆ ಬರುತ್ತದೆ, ಕಾರು ಬೀದಿಗೆ ಬರುತ್ತದೆ.

ಮೂಲೆಯ ಗುಡ್ಡೆಗೆ ನಾವು ಮೊದಲು ಮಾಡಿದ ಮದ್ದು ರಂಗೋಲಿ. ಆ ಜಾಗ ಗುಡಿಸಿ, ನೀರು ಹಾಕಿ, ನಾನೂ ಎದುರು ಮನೆಯ ಹುಡುಗಿಯೂ ದಿನಾ ಬೆಳಗ್ಗೆ ಚುಕ್ಕಿ ಇಟ್ಟೆವು. ರಂಗೋಲಿ ಇರುವಲ್ಲಿ ಕಸ ಹಾಕಲು ಯಾರಿಗೂ ಕೈ ಬರುವುದಿಲ್ಲ, ನಿಜ. ನಲವತ್ತು ದಿನ ಜಾಗ ಚೊಕ್ಕಟವಾಗಿತ್ತು. ನನಗೆ ಜ್ವರ ಬಂದು ಎರಡು ದಿನ ಮಲಗಿದೆ, ಮೂರನೇ ದಿನ ಏಳು ಕವರು. ಅಜ್ಜಿ ಮುನ್ನೂರು ಅಡಿ ನಡೆಯುವುದು ತಪ್ಪುವವರೆಗೆ ಚುಕ್ಕಿ ಇಟ್ಟು ಫಲವಿಲ್ಲ ಎಂದು ತಿಳಿದದ್ದು ಆಗ. ಟೇಪು ತಂದದ್ದು ಆ ವಾರವೇ.

ಒಂದು ಭಾನುವಾರ ನಮ್ಮ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ, ಕಾಫಿ ಕೊಟ್ಟು, ಲೆಕ್ಕ ಇಟ್ಟೆ. ಮನೆ 22, ಕಾರು 19. ಅವುಗಳಲ್ಲಿ 6 ಮನೆಯೊಳಗೇ ನಿಲ್ಲುತ್ತವೆ. ಒಂದೇ ಬದಿಯಲ್ಲಿ, ಗೇಟುಗಳಿಗೆ ದಾರಿ ಬಿಟ್ಟು, 11 ನಿಲ್ಲಬಹುದು. ಆಗ ಆಚೆ ಬದಿಗೆ ಒಂಬತ್ತು ಅಡಿ ಸಿಗುತ್ತದೆ, ಕಸದ ಗಾಡಿ ಸಲೀಸಾಗಿ ಬರುತ್ತದೆ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಆಂಬುಲೆನ್ಸೂ ಬರುತ್ತದೆ. ಈ ಮಾತಿಗೆ ಎಲ್ಲರೂ ಸುಮ್ಮನಾದರು. ಹಿಂದಿನ ಮಳೆಗಾಲದಲ್ಲಿ ಒಬ್ಬ ಯಜಮಾನರನ್ನು ಕುರ್ಚಿಯಲ್ಲಿ ಕೂರಿಸಿ ತುದಿಯವರೆಗೆ ಹೊತ್ತೊಯ್ದದ್ದು ಯಾರೂ ಮರೆತಿರಲಿಲ್ಲ.

ಜಗಳವಾದದ್ದು ಯಾವ ಬದಿ ಎಂಬುದಕ್ಕೆ. “ಎಲ್ಲರ ಕಾರೂ ನಮ್ಮ ಗೇಟಿನ ಮುಂದೇ ಯಾಕೆ ಆಂಟಿ?” ಎಂದು ಪೂರ್ವದ ಸಾಲಿನವರು ಕೇಳಿದರು. ಬೆಸ ತಿಂಗಳು ಪೂರ್ವ, ಸಮ ತಿಂಗಳು ಪಶ್ಚಿಮ ಎಂದು ಒಪ್ಪಂದವಾಯಿತು. ಉಳಿದ ಎರಡು ಕಾರುಗಳಲ್ಲಿ ಒಂದಕ್ಕೆ ಪಕ್ಕದ ರಸ್ತೆಯ ಖಾಲಿ ಸೈಟಿನಲ್ಲಿ ತಿಂಗಳ ಬಾಡಿಗೆಗೆ ಜಾಗ ಸಿಕ್ಕಿತು. ಇನ್ನೊಬ್ಬರು ತಮ್ಮ ಗ್ಯಾರೇಜಿನಲ್ಲಿದ್ದ ಮುರಿದ ಮಂಚ, ಹತ್ತಿಯ ಗಾದಿ, ಓಡದ ಸ್ಕೂಟರ್ ಎಲ್ಲ ತೆಗೆಸಿ ಕಾರನ್ನು ಒಳಗಿಟ್ಟರು. ಗಾದಿಯನ್ನು ರಾತ್ರೋರಾತ್ರಿ ಟ್ರಾನ್ಸ್‌ಫಾರ್ಮರ್ ಬುಡಕ್ಕೆ ಒಯ್ಯದೆ, ವಾರ್ಡಿನವರಿಗೆ ಹೇಳಿ ಬೇರೆ ಗಾಡಿ ಬರುವವರೆಗೆ ಕಾದರು. ಅದಕ್ಕಾಗಿ ಅವರಿಗೆ ನಾನು ಈಗಲೂ ಋಣಿ.

ಹಬ್ಬಗಳಲ್ಲಿ ಈ ಒಪ್ಪಂದ ಕೆಡುತ್ತದೆ. ಕಳೆದ ಆಯುಧಪೂಜೆಗೆ ನೆಂಟರ ಕಾರುಗಳೆಲ್ಲ ಬಂದು ಎರಡು ಬದಿಯೂ ತುಂಬಿತ್ತು. ಮರುದಿನ ಬೆಳಗ್ಗೆ ಬೀದಿಯುದ್ದಕ್ಕೂ ಒಡೆದ ಬೂದುಗುಂಬಳ, ಬಾಳೆಕಂದು, ಮಾವಿನೆಲೆ. ನಾನೂ ಅಜ್ಜಿಯ ಮೊಮ್ಮಗನೂ ಕುಂಬಳಕಾಯಿಯ ಚೂರು ಆರಿಸಿ, ಅದರೊಳಗಿಟ್ಟಿದ್ದ ಚಿಲ್ಲರೆ ಕಾಸು ತೆಗೆದು ಹಸಿ ಕಸದ ಬಕೆಟ್ಟಿಗೆ ಹಾಕುತ್ತಿದ್ದೆವು. ಆರೂವರೆಗೆ ಗಾಡಿಯ ಹಾಡು ಕೇಳಿಸಿತು, ತುದಿಗೆ ಬಂದು ನಿಂತಿತು. ಅಂಗೈ ಕೊಯ್ದುಕೊಂಡಿದ್ದ ಅದೇ ಹೆಂಗಸು ಇಳಿದು, ಸೊಂಟಕ್ಕೆ ಕೈಯಿಟ್ಟು ರಸ್ತೆಯುದ್ದಕ್ಕೂ ನೋಡಿದರು.

“ಅಮ್ಮಾ, ಆ ನೀಲಿ ಕಾರು ಯಾರ್ದು? ಅದೊಂದು ತೆಗೆದ್ರೆ ಒಳಗೆ ಬರ್ತೀವಿ.”

ಬಕೆಟ್ ಕೆಳಗಿಟ್ಟು, ಕೈ ಒರೆಸಿಕೊಂಡು, ಹನ್ನೊಂದನೇ ನಂಬರಿನ ಮನೆಯ ಗಂಟೆ ಒತ್ತಿದೆ.