ಸಿಮೆಂಟಿನೊಳಗೆ ಅಡಗಿದ ಅಕ್ಷರ

ಹಿಂದಿನ ಕಾಲದಲ್ಲಿ ಊರ ಮೇಲೆ ದಂಡು ಬರುತ್ತದೆ ಅಂದರೆ ಜನ ಏನು ಮಾಡುತ್ತಿದ್ದರು? ಜೋಳವನ್ನು ಹಗೇವಿಗೆ ಹಾಕಿ ಮಣ್ಣು ಮುಚ್ಚುತ್ತಿದ್ದರು. ಒಡವೆಗಳನ್ನು ಗೋಡೆಯಲ್ಲಿ ಹುದುಗಿಸುತ್ತಿದ್ದರು. ಒಂದು ಮ್ಯೂಸಿಯಂನ ಒಡವೆಯನ್ನೆಲ್ಲ ಹೀಗೆ ಮುಚ್ಚಿಟ್ಟ ಗಂಡ ಹೆಂಡತಿ ಇದ್ದರು. ಅವರ ಕತೆ ಕೇಳಿ.

ಲೆಬನಾನ್ ಸಮುದ್ರದ ದಂಡೆಯ ಒಂದು ಸಣ್ಣ ದೇಶ. ಅದರ ರಾಜಧಾನಿ ಬೈರುತ್. 1975ರಲ್ಲಿ ಅಲ್ಲಿ ಯುದ್ಧ ಶುರುವಾಯಿತು. ಹೊರಗಿನ ಶತ್ರು ಮಾತ್ರವಲ್ಲ, ಊರಿನವರೇ ಊರಿನವರ ಮೇಲೆ ಗುಂಡು ಹಾರಿಸಿದರು. ನಗರ ಎರಡು ಪಾಲಾಯಿತು. ಪಾಲಿನ ಗೆರೆ ಎಲ್ಲಿ ಬಿತ್ತು ಗೊತ್ತೇ? ಸರಿಯಾಗಿ ಮ್ಯೂಸಿಯಂ ಬಾಗಿಲಲ್ಲಿ!

ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು ಮಾರಿಸ್ ಶೆಹಾಬ್. ಅವರ ಹೆಂಡತಿ ಓಲ್ಗಾ. ಇಬ್ಬರೂ ಕೈಕಟ್ಟಿ ಕೂರಲಿಲ್ಲ. ಗುಂಡಿನ ಸದ್ದು ನಿಂತಾಗಲೆಲ್ಲ ಕೆಲಸ ನಡೆಯಿತು. ಸಣ್ಣ ಸಾಮಾನುಗಳನ್ನು ನೆಲಮಾಳಿಗೆಗೆ ಸಾಗಿಸಿ, ಬಾಗಿಲಿಗೆ ಅಡ್ಡ ಗೋಡೆ ಕಟ್ಟಿಸಿದರು. ನೆಲದ ಮೇಲೆ ಬಣ್ಣದ ಹರಳು ಜೋಡಿಸಿ ಮಾಡಿದ ಚಿತ್ರಗಳಿದ್ದವು. ಅವುಗಳ ಮೇಲೆ ಪ್ಲಾಸ್ಟಿಕ್ ಹಾಸಿ ಕಾಂಕ್ರೀಟ್ ಸುರಿಸಿದರು. ದೊಡ್ಡ ಕಲ್ಲುಗಳನ್ನು ಎತ್ತೋಕಾಗುತ್ತಾ? ಅವು ಇದ್ದಲ್ಲೇ ಇದ್ದವು. ಸುತ್ತಲೂ ಮರದ ಚೌಕಟ್ಟು ಕಟ್ಟಿ ಕಾಂಕ್ರೀಟ್ ತುಂಬಿಸಿದರು.

ಆ ಕಲ್ಲುಗಳಲ್ಲಿ ಒಂದರ ವಿಷಯ ಹೇಳಲೇಬೇಕು. ಅದು ಅಹಿರಾಮ್ ಎಂಬ ರಾಜನ ಕಲ್ಲಿನ ಶವಪೆಟ್ಟಿಗೆ. ಸುಮಾರು 3000 ವರ್ಷ ಹಳೆಯದು. ಅದರ ಮೇಲೆ ಫಿನೀಷಿಯನ್ ಲಿಪಿಯ ಬರಹ ಇದೆ. ಆ ಲಿಪಿಯಲ್ಲಿ ಇರುವುದು ಬರೀ 22 ಅಕ್ಷರ. ಇಂಗ್ಲಿಷಿನ ಎ, ಬಿ ಹುಟ್ಟಿದ್ದು ಆ ಅಕ್ಷರಗಳಿಂದಲೇ. ಅಲ್ಲಿ ಬರೆದಿರುವುದು ಒಂದು ಶಾಪ: ಯಾವ ರಾಜನೇ ಆಗಲಿ, ದಂಡನಾಯಕನೇ ಆಗಲಿ, ಈ ಪೆಟ್ಟಿಗೆ ತೆರೆದರೆ ಅವನ ಸಿಂಹಾಸನ ಉರುಳಲಿ ಅಂತ. ನಮ್ಮ ಶಿಲಾಶಾಸನಗಳ ಕೊನೆಗೂ ಇಂಥ ಶಾಪ ಇರುತ್ತದೆ, ಅಲ್ವಾ?

ಶಾಪಕ್ಕೆ ಹೆದರುವವರು ಅಲ್ಲಿ ಯಾರೂ ಇರಲಿಲ್ಲ ಬಿಡಿ. ಬಂದೂಕಿನವರು ಮ್ಯೂಸಿಯಂ ಒಳಗೇ ಬೀಡುಬಿಟ್ಟರು. ಗೋಡೆಯ ಮೇಲಿದ್ದ ಒಂದು ಹರಳಿನ ಚಿತ್ರವನ್ನು ಕೊರೆದು, ಗುಂಡು ಹೊಡೆಯಲು ಕಿಂಡಿ ಮಾಡಿಕೊಂಡರು. ಒಂದು ಕಡೆ ಬೆಂಕಿ ಬಿದ್ದು 45 ಪೆಟ್ಟಿಗೆ ಸಾಮಾನು ಹಾಳಾಯಿತು. ನಕ್ಷೆ, ಫೋಟೋ, ದಾಖಲೆಗಳೂ ಹೋದವು. ನೆಲಮಾಳಿಗೆಗೆ ನೀರು ನುಗ್ಗಿತು. ಮುಚ್ಚಿಟ್ಟರೂ ಎಲ್ಲವೂ ಉಳಿಯಲಿಲ್ಲ.

ಯುದ್ಧ ಮುಗಿದದ್ದು 1990ರಲ್ಲಿ. ಆಮೇಲೆ ದುರಸ್ತಿ ಶುರುವಾಯಿತು. ಕಾಂಕ್ರೀಟ್ ಒಡೆದು ನೋಡಿದರೆ ಒಳಗಿನ ಕಲ್ಲುಗಳು ಉಳಿದಿದ್ದವು. 1997ರಲ್ಲಿ ಮ್ಯೂಸಿಯಂನ ಒಂದು ಭಾಗ ಜನರಿಗೆ ತೆರೆಯಿತು. ಅದನ್ನು ನೋಡಲು ಶೆಹಾಬ್ ಇರಲಿಲ್ಲ. 1994ರಲ್ಲೇ ತೀರಿಕೊಂಡಿದ್ದರು. ನೆಲಮಾಳಿಗೆ ಮಾತ್ರ ತೆರೆದದ್ದು 2016ರಲ್ಲಿ. ಅಹಿರಾಮನ ಪೆಟ್ಟಿಗೆ ಈಗಲೂ ಅದೇ ಮ್ಯೂಸಿಯಂನಲ್ಲಿದೆ. ಅಂಚಿನ ಮೇಲೆ ಆ ಅಕ್ಷರಗಳಿವೆ.