ಅಂಗೈಯಗಲದ ಯುದ್ಧವಿಮಾನ

ಮಹಾನಗರದಲ್ಲಿ ನೆಲೆಸಿರುವ ನಮ್ಮಂಥವರ ದಿನಚರಿಯನ್ನು ಪರಿಶೀಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬೆಳಗಿನಿಂದ ಸಂಜೆಯವರೆಗೆ ನಾವು ಮಾಡುವ ಕೆಲಸದಲ್ಲಿ, ಇದು ನಾನು ಮಾಡಿದ್ದು, ಇದು ಮುಗಿಯಿತು ಎಂದು ಎತ್ತಿ ತೋರಿಸಬಹುದಾದ ವಸ್ತು ಯಾವುದೂ ಇರುವುದಿಲ್ಲ. ಬ್ಯಾಂಕಿನ ಲೆಕ್ಕ ಇಂದು ತಾಳೆಯಾದರೆ ನಾಳೆ ಮತ್ತೆ ಹೊಸದಾಗಿ ಆರಂಭ. ಊರಿನಲ್ಲಿದ್ದ ಹಿರಿಯರಿಗೆ ಹಿತ್ತಲಿತ್ತು, ಬೇಲಿ ಕಟ್ಟುವ ಕೆಲಸವಿತ್ತು, ಹಗ್ಗ ಹೊಸೆಯುವ ಸಂಜೆಗಳಿದ್ದವು. ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ವಾಸಿಸುವವನ ಕೈಗಳಿಗೆ ಅಂಥ ಕೆಲಸವೆಲ್ಲಿ?

ಈ ಸಂಚಿಕೆಯಲ್ಲಿ ವೈದ್ಯ ಮಿತ್ರರು ರಕ್ತದೊತ್ತಡ, ಮಧುಮೇಹ, ಪಥ್ಯಗಳ ಬಗ್ಗೆ ಅಧಿಕಾರವಾಣಿಯಿಂದ ಬರೆಯುವುದು ವಾಡಿಕೆ. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿ ಲೆಕ್ಕದ ಪುಸ್ತಕಗಳ ನಡುವೆ ಬಾಳುವವನು. ಆದರೂ ಮನಸ್ಸಿಗೆ ವಿಶ್ರಾಂತಿಯನ್ನೂ, ಅಜಾಗರೂಕರ ಶ್ವಾಸಕೋಶಕ್ಕೆ ತೊಂದರೆಯನ್ನೂ ತರಬಲ್ಲ ಒಂದು ಹವ್ಯಾಸದ ಬಗ್ಗೆ ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ. ಅದೇ ಯುದ್ಧವಿಮಾನ, ಟ್ಯಾಂಕು ಮೊದಲಾದವುಗಳ ಪ್ರಮಾಣಬದ್ಧ ಪುಟ್ಟ ಮಾದರಿಗಳನ್ನು ಕಟ್ಟಿ ಬಣ್ಣ ಬಳಿಯುವ ಕಲೆ.

ಆಟಿಕೆಯಲ್ಲ, ಅಳತೆ

ಜಾತ್ರೆಯಲ್ಲಿ ಸಿಗುವ ಆಟಿಕೆಯ ವಿಮಾನಕ್ಕೂ ಪ್ರಮಾಣಬದ್ಧ ಮಾದರಿಗೂ ಇರುವ ವ್ಯತ್ಯಾಸ ಅಳತೆಯದು. ವಿಮಾನಗಳಲ್ಲಿ ಬಹಳ ಪ್ರಚಾರದಲ್ಲಿರುವ ಪ್ರಮಾಣ ಎಪ್ಪತ್ತೆರಡರಲ್ಲಿ ಒಂದು ಭಾಗ. ಮೂಲದ 6 ಅಡಿ ಇಲ್ಲಿ 1 ಅಂಗುಲ. ಆರಡಿಯ ವಿಮಾನ ಚಾಲಕ ಒಂದಂಗುಲದ ಗೊಂಬೆಯಾಗುತ್ತಾನೆ. ಉದ್ದ 72ರಲ್ಲಿ ಒಂದು ಪಾಲಾದರೆ, ವಿಸ್ತೀರ್ಣ 5,184ರಲ್ಲಿ ಒಂದು ಪಾಲು, ಗಾತ್ರ 3,73,248ರಲ್ಲಿ ಒಂದು ಪಾಲು. ಚಕ್ರಬಡ್ಡಿಯ ಲೆಕ್ಕ ಮಾಡಿದವರಿಗೆ ಈ ಏರಿಕೆ ಪರಿಚಿತವೇ. ನಮ್ಮ ಬೆಂಗಳೂರಿನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಮೊದಲು ಹಾರಿದ ‘ಮರುತ್’ ವಿಮಾನ ಸುಮಾರು 15.87 ಮೀಟರ್ ಉದ್ದದ್ದು. ಈ ಪ್ರಮಾಣದಲ್ಲಿ ಅದು 22 ಸೆಂಟಿಮೀಟರ್. ಪುಸ್ತಕದ ಕಪಾಟಿನಲ್ಲಿ ನಿರಾತಂಕವಾಗಿ ಇಳಿಯುತ್ತದೆ.

ಅಳತೆಯ ಈ ನಿಯಮ ಬಣ್ಣಕ್ಕೂ ಅನ್ವಯಿಸುತ್ತದೆ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪ ಬಣ್ಣ ಬಳಿದರೆ, ನಿಜವಾದ ವಿಮಾನಕ್ಕೆ 7.2 ಮಿಲಿಮೀಟರ್ ಗಾರೆ ಮೆತ್ತಿದಂತಾಯಿತು! ಒಂದು ದಪ್ಪ ಲೇಪನಕ್ಕಿಂತ ಮೂರು ತೆಳು ಲೇಪನ ಲೇಸೆಂದು ಅನುಭವಿಗಳು ಹೇಳುವುದು ಇದೇ ಕಾರಣದಿಂದ.

ಹವ್ಯಾಸ ಬೆಳೆದುಬಂದ ಬಗೆ

ಬ್ರಿಟನ್ನಿನ ‘ಫ್ರಾಗ್’ ಸಂಸ್ಥೆ 1936ರಲ್ಲಿ ‘ಪೆಂಗ್ವಿನ್’ ಎಂಬ ಹೆಸರಿನಲ್ಲಿ ಪ್ಲಾಸ್ಟಿಕ್ ಭಾಗಗಳ ಪೆಟ್ಟಿಗೆಗಳನ್ನು ಹೊರತಂದಿತು. ಎರಡನೆಯ ಮಹಾಯುದ್ಧದಲ್ಲಿ ಈ ಆಟ ಗಂಭೀರ ಕರ್ತವ್ಯವಾಯಿತು. ಆಕಾಶದಲ್ಲಿ ಕಾಣುವ ವಿಮಾನ ಮಿತ್ರನದೋ ಶತ್ರುವಿನದೋ ಎಂದು ಕ್ಷಣಾರ್ಧದಲ್ಲಿ ಗುರುತಿಸಲು ಸೈನಿಕರಿಗೆ ತರಬೇತಿ ಬೇಕಾಗಿತ್ತು. ಅದಕ್ಕಾಗಿ 1942ರಲ್ಲಿ ಅಮೆರಿಕದ ನೌಕಾಪಡೆ ತನ್ನ ದೇಶದ ಶಾಲಾ ವಿದ್ಯಾರ್ಥಿಗಳಿಂದ 5 ಲಕ್ಷ ಮರದ ಮಾದರಿಗಳನ್ನು ಕೋರಿತು. ಯುದ್ಧಾನಂತರ ‘ಏರ್‌ಫಿಕ್ಸ್’ ಸಂಸ್ಥೆ ಸ್ಪಿಟ್‌ಫೈರ್ ವಿಮಾನದ ಅಗ್ಗದ ಪೆಟ್ಟಿಗೆಯನ್ನು ತಂದು ಇದನ್ನು ಸಾಮಾನ್ಯರ ಮನೆಗೆ ಮುಟ್ಟಿಸಿತು. ಟ್ಯಾಂಕುಗಳಲ್ಲಿ ಪ್ರಸಿದ್ಧವಾದ ಮೂವತ್ತೈದರಲ್ಲಿ ಒಂದು ಎಂಬ ಪ್ರಮಾಣದ ಕಥೆ ಸ್ವಾರಸ್ಯಕರ. 1960ರ ದಶಕದ ಆರಂಭದಲ್ಲಿ ಜಪಾನಿನ ‘ತಾಮಿಯಾ’ ಸಂಸ್ಥೆ ಪ್ಯಾಂಥರ್ ಟ್ಯಾಂಕಿನ ಚಲಿಸುವ ಮಾದರಿ ಮಾಡಿದಾಗ, ಒಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸುವಷ್ಟು ಗಾತ್ರ ಇಟ್ಟುಕೊಂಡಿತು. ಆಮೇಲೆ ಅಳೆದು ನೋಡಿದರೆ ಅದು 35ರಲ್ಲಿ ಒಂದಾಗಿತ್ತು!

ಕಟ್ಟುವ ಕ್ರಮ

ಪೆಟ್ಟಿಗೆ ತೆರೆದೊಡನೆ ಅಂಟು ಹಚ್ಚುವ ಆತುರ ಸಲ್ಲದು. ಭಾಗಗಳನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಚೌಕಟ್ಟಿನಿಂದ ಭಾಗಗಳನ್ನು ತಿರುಚಿ ಕೀಳದೆ ಸಣ್ಣ ಕತ್ತರಿಯಿಂದ ಬಿಡಿಸಿ, ಅಂಟಿಲ್ಲದೆಯೇ ಜೋಡಿಸಿ ನೋಡಬೇಕು. ಚಾಲಕನ ಕೋಣೆಗೆ ಮೊದಲು ಬಣ್ಣ, ಆಮೇಲೆ ಒಡಲಿನ ಎರಡು ಪಾಲುಗಳ ಜೋಡಣೆ.

ಇಲ್ಲಿ ಬಳಸುವ ಅಂಟು ನಮ್ಮ ಗೋಂದಿನಂತಲ್ಲ. ಅದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸಿ, ಎರಡು ಅಂಚುಗಳು ಒಂದರೊಳಗೊಂದು ಬೆರೆತು ಬೆಸೆಯುವಂತೆ ಮಾಡುತ್ತದೆ. ಸಂದುಗಳಿಗೆ ಮೇಣದಂತಹ ಪುಟ್ಟಿ ತುಂಬಿ, ನೀರು ಕಾಗದದಿಂದ ಒದ್ದೆಯಾಗಿ ಉಜ್ಜಿ, ಅಸ್ತರು ಬಳಿದು, ನಂತರ ಬಣ್ಣ. ನೀರಿನಲ್ಲಿ ನೆನೆಸಿ ಅಂಟಿಸುವ ಚಿಹ್ನೆಗಳನ್ನು ಒರಟು ಮೈಯ ಮೇಲೆ ಇಟ್ಟರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಕಾಣುತ್ತವೆ. ಆದ್ದರಿಂದ ಮೊದಲು ಹೊಳಪಿನ ವಾರ್ನಿಷ್, ಚಿಹ್ನೆ ಒಣಗಿದ ಮೇಲೆ ಮಬ್ಬು ವಾರ್ನಿಷ್. ಕಡೆಗೆ ಕೆಸರು, ಹೊಗೆ, ಸವೆತಗಳ ಸೂಚನೆ.

ಈ ಕೊನೆಯ ಹಂತದ ಬಗ್ಗೆ ಒಂದು ಪ್ರಸಂಗ. ರಾಜ್ಯೋತ್ಸವದ ದಿನ ಮಕ್ಕಳು ಏರ್ಪಡಿಸಿದ್ದ ಪ್ರದರ್ಶನಕ್ಕೆ ನಿವೃತ್ತ ಸೈನಿಕರೊಬ್ಬರು ಬಂದಿದ್ದರು. 1971ರ ಯುದ್ಧದಲ್ಲಿ ನಮ್ಮ ಸೇನೆ ಬಳಸಿದ ಸೆಂಚುರಿಯನ್ ಟ್ಯಾಂಕಿನ ಮಾದರಿಯನ್ನು ಬಹಳ ಹೊತ್ತು ನೋಡಿ, ಕಟ್ಟಿದ ಹುಡುಗನ ಬೆನ್ನು ತಟ್ಟಿ, “ಚೆನ್ನಾಗಿದೆ ಮಗು. ಆದರೆ ಇಷ್ಟು ಚೊಕ್ಕಟವಾದ ಟ್ಯಾಂಕು ಯುದ್ಧದಲ್ಲಿ ಇರುವುದಿಲ್ಲ. ನಾಲ್ಕು ಜನ ಅದರಲ್ಲೇ ಉಂಡು, ಅದರ ಪಕ್ಕದಲ್ಲೇ ಮಲಗುತ್ತಾರೆ. ಅವರ ಹಾಸಿಗೆ ಎಲ್ಲಿ? ನೀರಿನ ಡಬ್ಬಿ ಎಲ್ಲಿ?” ಎಂದರು. ಮರುವಾರ ಆ ಹುಡುಗ ಸಿಗರೇಟು ಪೊಟ್ಟಣದ ತೆಳು ಹಾಳೆಯಿಂದ ನಾಲ್ಕು ಹಾಸಿಗೆಯ ಸುರುಳಿಗಳನ್ನು ಮಾಡಿ ಟ್ಯಾಂಕಿನ ಹಿಂಬದಿಗೆ ಕಟ್ಟಿದ್ದನು.

ಗಾಳಿ, ಕಣ್ಣು, ಕೈ

ಇನ್ನು ಆರೋಗ್ಯದ ವಿಚಾರ. ಈ ಹವ್ಯಾಸದ ಬಹುಪಾಲು ಪುಸ್ತಕಗಳು ಪ್ರತ್ಯೇಕ ಕಾರ್ಯಾಗಾರವುಳ್ಳವರನ್ನು ಕುರಿತು ಬರೆದವು. ನಮ್ಮಲ್ಲಿ ಊಟದ ಮೇಜೇ ಕಾರ್ಯಾಗಾರ; ಅದೇ ಕೋಣೆಯಲ್ಲಿ ಮಗು ಓದುತ್ತದೆ, ಅಜ್ಜಿ ಮಲಗುತ್ತಾರೆ. ನಾವು ಬಳಸುವ ಅಂಟು ಮನೆಯವರೆಲ್ಲರ ಉಸಿರಿಗೆ ಸೇರುತ್ತದೆ. ಆದ್ದರಿಂದ ನಮ್ಮ ಎಚ್ಚರ ಅವರಿಗಿಂತ ಹೆಚ್ಚಿನದಾಗಿರಬೇಕು.

ಅಂಟು ಮತ್ತು ತಿನ್ನರುಗಳಲ್ಲಿ ಟಾಲ್ಯೂಯೀನ್, ಅಸಿಟೋನ್, ಬ್ಯೂಟೈಲ್ ಅಸಿಟೇಟ್ ಮುಂತಾದ ಬೇಗ ಆವಿಯಾಗುವ ದ್ರವಗಳಿರುತ್ತವೆ. ಮುಚ್ಚಿದ ಕೋಣೆಯಲ್ಲಿ ಇವುಗಳಿಂದ ತಲೆನೋವು, ತಲೆಸುತ್ತು, ಓಕರಿಕೆ ಬರಬಹುದು. ಟಾಲ್ಯೂಯೀನ್ ಆವಿಯನ್ನು ದೀರ್ಘಕಾಲ ಹೆಚ್ಚಾಗಿ ಸೇವಿಸಿದರೆ ಮೆದುಳು, ನರಗಳಿಗೆ ಹಾನಿ. 1960ರ ದಶಕದಲ್ಲಿ ಅಮೆರಿಕದ ಹದಿಹರೆಯದವರು ಮತ್ತಿಗಾಗಿ ಈ ಅಂಟನ್ನು ಮೂಸುವ ಚಟಕ್ಕೆ ಬಿದ್ದಾಗ, ಅಲ್ಲಿನ ತಯಾರಕರೊಬ್ಬರು ಅದಕ್ಕೆ ಮೂಗು ಉರಿಸುವ ಸಾಸಿವೆಯ ಘಾಟನ್ನು ಬೆರೆಸಬೇಕಾಯಿತು. ಮನೆಯಲ್ಲಿ ಬೆಳೆಯುವ ಮಕ್ಕಳಿದ್ದರೆ ಅಂಟು, ತಿನ್ನರುಗಳನ್ನು ಲೆಕ್ಕವಿಟ್ಟು ಬೀಗದೊಳಗೆ ಇಡುವುದು ಕ್ಷೇಮ.

ನೆನಪಿಡಬೇಕಾದ ಸಂಗತಿಗಳನ್ನು ಕ್ರಮವಾಗಿ ಹೇಳುತ್ತೇನೆ.

ಒಂದು: ಎದುರುಬದುರಿನ ಎರಡು ಕಿಟಕಿಗಳನ್ನು ತೆರೆದು ಕೆಲಸ ಮಾಡಬೇಕು. ಹವಾನಿಯಂತ್ರಣ ಯಂತ್ರವನ್ನು ನಂಬಬಾರದು. ಸಾಮಾನ್ಯವಾಗಿ ಮನೆಗಳಲ್ಲಿರುವ ಯಂತ್ರ ಒಳಗಿನ ಗಾಳಿಯನ್ನೇ ತಂಪುಮಾಡಿ ಮರಳಿ ಕೊಡುತ್ತದೆಯೇ ಹೊರತು ಆವಿಯನ್ನು ಹೊರದೂಡುವುದಿಲ್ಲ.

ಎರಡು: ಇವೆಲ್ಲವೂ ಬೇಗ ಉರಿಯುವ ವಸ್ತುಗಳು. ಇವುಗಳ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಹರಿದು ದೂರದ ಕಿಡಿಯನ್ನೂ ತಲುಪಬಲ್ಲದು. ದೇವರ ದೀಪ, ಊದಬತ್ತಿ, ಗ್ಯಾಸ್ ಒಲೆ ಉರಿಯುವ ಹೊತ್ತಿನಲ್ಲಿ ಪಕ್ಕದಲ್ಲೇ ತಿನ್ನರಿನ ಬಾಟಲಿ ತೆರೆಯಕೂಡದು.

ಮೂರು: ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಬಳಸುವವರು ನೀರು ಬೆರೆಸುವ ಅಕ್ರಿಲಿಕ್ ಬಣ್ಣವನ್ನು ಆರಿಸಿದರೆ ಆವಿಯ ಉಪದ್ರವ ಕಡಿಮೆ. ಆದರೆ ಅದರ ಸೂಕ್ಷ್ಮ ತುಂತುರು ಶ್ವಾಸಕೋಶಕ್ಕೆ ಇಳಿಯುವುದು ತಪ್ಪುವುದಿಲ್ಲ. 2020ರ ಕೋವಿಡ್ ಕಾಲದಲ್ಲಿ ಕೊಂಡ ಎನ್-95 ಮುಖಗವಸು ತುಂತುರನ್ನೂ ಧೂಳನ್ನೂ ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಆವಿಗೆ ಇದ್ದಿಲಿನ ಡಬ್ಬಿಯುಳ್ಳ ಬೇರೆ ಮುಖವಾಡವೇ ಬೇಕು.

ನಾಲ್ಕು: ಮನೆಯ ಬಾಗಿಲಿಗೆ ಬಳಿದು ಮಿಕ್ಕ ಹಳೆಯ ಎನಾಮಲ್ ಡಬ್ಬಿಯನ್ನು ಮಾದರಿಗೆ ಬಳಸುವ ಮಿತವ್ಯಯ ಬೇಡ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂಬ ನಿಯಮ 2016ರಲ್ಲಿ ಹೊರಟು 2017ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಸೀಸ ಎಷ್ಟಿದೆಯೆಂದು ನೋಟದಿಂದ ತಿಳಿಯದು. ಸೀಸದ ಧೂಳು ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಒದ್ದೆ ಮಾಡಿ ಉಜ್ಜುವುದು, ಒದ್ದೆ ಬಟ್ಟೆಯಿಂದ ಮೇಜು ಒರೆಸುವುದು, ಕೈ ತೊಳೆಯದೆ ತಿಂಡಿ ಮುಟ್ಟದಿರುವುದು ಯಾವ ಬಣ್ಣಕ್ಕೂ ಒಳ್ಳೆಯ ನಿಯಮಗಳೇ.

ಐದು: ಕ್ಷಣದಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಅಂಟು ಬೆರಳುಗಳನ್ನು ಕೂಡಿಸಿದರೆ ಎಳೆದು ಚರ್ಮ ಹರಿಯಬಾರದು; ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲನೆ ಬಿಡಿಸಬೇಕು. ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಬಾರದು. ಹತ್ತಿಯೊಡನೆ ಅದು ಸುಡುವಷ್ಟು ಬಿಸಿಯಾಗುತ್ತದೆ. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬಲವಂತವಾಗಿ ತೆರೆಯದೆ, ನೀರಿನಿಂದ ತೊಳೆದು ವೈದ್ಯರಲ್ಲಿಗೆ ಧಾವಿಸಬೇಕು.

ಆರು: ನಲವತ್ತು ದಾಟಿದವರಿಗೆ ಚಾಳೀಸು ಬಂದಿರುವುದು ಸಹಜ. ಕಣ್ಣು ಕಿರಿದುಮಾಡಿ ಕಷ್ಟಪಡುವ ಬದಲು ಸರಿಯಾದ ಕನ್ನಡಕ, ಬೆಳ್ಳಗಿನ ದೀಪ, ಭೂತಗನ್ನಡಿಗಳನ್ನು ಆಶ್ರಯಿಸಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಕಿಟಕಿಯಾಚೆಯ ಮರವನ್ನು ನೋಡಿದರೆ ಕಣ್ಣಿಗೂ ಕತ್ತಿಗೂ ಬಿಡುವು ದೊರೆಯುತ್ತದೆ.

ನನ್ನ ಸಹೋದ್ಯೋಗಿಯೊಬ್ಬರ ಮಗಳಿಗೆ ಉಬ್ಬಸದ ಕಾಯಿಲೆ. ಅವರು ಹವ್ಯಾಸವನ್ನು ಬಿಡಲಿಲ್ಲ, ಮನೆಯೊಳಗಿನಿಂದ ಹೊರಗೆ ತೆಗೆದರು. ಅಂಟು ಹಚ್ಚುವ ಕೆಲಸವನ್ನು ಭಾನುವಾರದ ಬೆಳಿಗ್ಗೆ ಬಾಗಿಲು ಮುಚ್ಚಿದ ಬಾಲ್ಕನಿಗೆ ಸೀಮಿತಗೊಳಿಸಿ, ಬಣ್ಣಕ್ಕೆ ಕುಂಚ ಮತ್ತು ನೀರಿನ ಬಣ್ಣವನ್ನಷ್ಟೇ ಇಟ್ಟುಕೊಂಡರು. ವರ್ಷಕ್ಕೆ ಆರು ವಿಮಾನಗಳ ಬದಲು ಎರಡು ಮುಗಿಯುತ್ತವೆ. ಚಿಹ್ನೆ ಅಂಟಿಸುವ ಕೆಲಸ ಈಗ ಮಗಳದೇ.

ಯುದ್ಧದ ಆಟವೇ?

ಕೊಲ್ಲುವ ಯಂತ್ರಗಳನ್ನು ಮನೆಯಲ್ಲಿ ಅಲಂಕಾರಕ್ಕೆ ಇಡುವುದು ಉಚಿತವೇ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ಉತ್ತರ ನಾವು ಕಟ್ಟುವ ರೀತಿಯಲ್ಲಿದೆ.

ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಉದಾಹರಣೆ ನೋಡೋಣ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದ ಸ್ಕ್ವಾಡ್ರನ್ ಲೀಡರ್ ದೇವಯ್ಯ ಮರಳಲಿಲ್ಲ. ತಮ್ಮ ವಿಮಾನಕ್ಕಿಂತ ಬಹುಪಾಲು ವೇಗಶಾಲಿಯಾದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಹೊಡೆದುರುಳಿಸಿದ್ದರು. ಆದರೆ ನಮ್ಮ ಕಡೆಯಲ್ಲಿ ಅದನ್ನು ಕಂಡು ಹೇಳುವವರು ಯಾರೂ ಇರಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಿಂದ ಆ ಕಾಳಗದ ವಿವರ ಬೆಳಕಿಗೆ ಬಂದು, 1988ರಲ್ಲಿ, ಎಂದರೆ 23 ವರ್ಷಗಳ ಮೇಲೆ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಈ ಮಿಸ್ಟೇರ್ ವಿಮಾನದ ಮಾದರಿ ಕಟ್ಟಹೊರಟವನು, ಅಂದು ಅದರ ಮೈ ಹೊಳೆಯುವ ಲೋಹದ್ದೋ, ಹಸಿರು ಬಳಿದದ್ದೋ ಎಂದು ಹಳೆಯ ಛಾಯಾಚಿತ್ರಗಳನ್ನು ಹುಡುಕಬೇಕು. ಹುಡುಕುತ್ತ ಹೋದಂತೆ, 18 ಸೆಂಟಿಮೀಟರಿನ ಪ್ಲಾಸ್ಟಿಕ್ ತುಂಡಿನೊಳಗೆ ಒಂಟಿ ಆಸನವೊಂದು ಅವನ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಕುಳಿತಿದ್ದವರು ಮಡದಿಮಕ್ಕಳಿದ್ದ ಮನುಷ್ಯ.

1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಮಡಿದು ಪರಮವೀರ ಚಕ್ರ ಪಡೆದ ಪೂನಾ ಹಾರ್ಸ್ ದಳದ ಅರುಣ್ ಖೇತ್ರಪಾಲರಿಗೆ ಆಗ 21 ವರ್ಷ. ಅವರ ಸೆಂಚುರಿಯನ್ ಟ್ಯಾಂಕಿನ ಹೆಸರು ‘ಫಾಮಗುಸ್ತಾ’. ಒಂಬತ್ತೂ ಮುಕ್ಕಾಲು ಸೆಂಟಿಮೀಟರ್ ಅಗಲದ ಮಾದರಿಯ ಮೇಲೆ ಆ ಹೆಸರನ್ನು ಒಂದೆಳೆಯ ಕುಂಚದಿಂದ ಬರೆಯುವ ಹುಡುಗನಿಗೆ ಯುದ್ಧದ ಬೆಲೆ ಎಷ್ಟೆಂದು ಪ್ರತ್ಯೇಕವಾಗಿ ಬೋಧಿಸಬೇಕಾಗಿಲ್ಲ. ಅವನಿಗೂ ಖೇತ್ರಪಾಲರಿಗೂ ಇರುವ ವಯಸ್ಸಿನ ಅಂತರ ನಾಲ್ಕೈದು ವರ್ಷ ಮಾತ್ರ.

ಆಸಕ್ತರು ಮೂಲವನ್ನು ಕಣ್ಣಾರೆ ನೋಡಿ ಬರಬೇಕು. ಪುಣೆ, ಮುಂಬಯಿಯವರಿಗೆ ಅಹಮದ್‌ನಗರದಲ್ಲಿ, ಎಂದರೆ ಈಗಿನ ಅಹಿಲ್ಯಾನಗರದಲ್ಲಿ, 1994ರಲ್ಲಿ ಸ್ಥಾಪಿತವಾದ ಟ್ಯಾಂಕ್ ಸಂಗ್ರಹಾಲಯವಿದೆ. ದೆಹಲಿಯವರಿಗೆ ಪಾಲಂ ವಾಯುಪಡೆ ಸಂಗ್ರಹಾಲಯ. ರಜೆಗೆ ತವರಿಗೆ ಹೋದವರು ಬೆಂಗಳೂರಿನ ಎಚ್.ಎ.ಎಲ್. ಸಂಗ್ರಹಾಲಯದಲ್ಲಿ ಮರುತ್ ವಿಮಾನವನ್ನು ಮಕ್ಕಳಿಗೆ ತೋರಿಸಬಹುದು. ಕಾರವಾರದ ಕಡಲ ತೀರದಲ್ಲಿ ‘ಚಾಪಲ್’ ಯುದ್ಧನೌಕೆಯನ್ನು ಹತ್ತಿಸಬಹುದು.

ಹೊಸದಾಗಿ ಆರಂಭಿಸುವವರು ದುಬಾರಿ ಪೆಟ್ಟಿಗೆಗೆ ಕೈಹಾಕದೆ, ಭಾಗಗಳು ಕಡಿಮೆಯಿರುವ ಒಂದು ವಿಮಾನ, ಎರಡು ಕುಂಚ, ಐದಾರು ಬಣ್ಣ, ಒಂದು ಚೂಪು ಅಲಗು, ಇಷ್ಟರಿಂದಲೇ ತೊಡಗಲಿ. ಮಗನನ್ನೋ ಮಗಳನ್ನೋ ಎದುರಿಗೆ ಕೂರಿಸಿಕೊಳ್ಳಲಿ. ಅಲಗು ಮಾತ್ರ ಹಿರಿಯರ ಕೈಯಲ್ಲಿರಲಿ. ಒಂದು ತಿಂಗಳ ಸಂಜೆಗಳು ಕಳೆದ ಮೇಲೆ ಕಪಾಟಿನಲ್ಲಿ ಒಂದು ವಸ್ತು ನಿಲ್ಲುತ್ತದೆ. ಅದು ಅಳತೆಗೆ ಸರಿಯಾಗಿರಲಿ, ಅದರಲ್ಲಿ ಕುಳಿತಿದ್ದವರ ನೆನಪಿಗೆ ತಕ್ಕುದಾಗಿರಲಿ. ಕಟ್ಟುವಾಗ ಮನೆಯ ಕಿಟಕಿ ತೆರೆದಿರಲಿ.